ಊರವರ ಬರವಣಿಗೆ ಮತ್ತು ಪ್ರವಾಸಿಯ ಒಂದು ರಾತ್ರಿ

ಪ್ರವಾಸೋದ್ಯಮದಿಂದ ನಾಡಿಗೆ ಸಂಪತ್ತು ಹರಿದು ಬರುವುದೆಂಬ ಮಾತು ಸಭೆ-ಸಮಾರಂಭಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹಾಗೆ ಹರಿದು ಬಂದುದು ಯಾರ ಅಂಗಳದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಬಾದಾಮಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ನಸುಕಿನಲ್ಲಿ ಹೊರಟ ವಾಹನ ಹೊತ್ತೇರುವ ವೇಳೆಗೆ ಅಲ್ಲಿಗೆ ಬಂದು ಸೇರುತ್ತದೆ. ಅದರಲ್ಲಿ ಬಂದವರು ನಾಲ್ಕು ಗುಹೆಗಳ ಮೆಟ್ಟಿಲುಗಳನ್ನು ಹತ್ತಿಳಿದು, ಪಟ್ಟದಕಲ್ಲು-ಐಹೊಳೆಗಳನ್ನು ಅವಸರದಲ್ಲಿ ನೋಡಿ, ಕತ್ತಲಾಗುವ ಮುನ್ನ ಮರಳಿ ಬಂದ ದಾರಿಯನ್ನೇ ಹಿಡಿಯುತ್ತಾರೆ. ಊಟ ಒಂದೂರಿನಲ್ಲಿ, ನಿದ್ರೆ ಮತ್ತೊಂದೂರಿನಲ್ಲಿ. ಬಾದಾಮಿಯ ಪಾಲಿಗೆ ಉಳಿಯುವುದು ನಾಲ್ಕಾರು ಎಳನೀರು, ಒಂದಿಷ್ಟು ಚಹದ ಹಣ.

ಅದೇ ಪ್ರವಾಸಿ ಒಂದು ರಾತ್ರಿ ಅಲ್ಲಿಯೇ ತಂಗಿದನೆಂದರೆ ಲೆಕ್ಕವೇ ಬೇರೆಯಾಗುತ್ತದೆ. ಆತನಿಗೆ ಕೋಣೆ ಬೇಕು. ರಾತ್ರಿಯ ಊಟ, ಬೆಳಗಿನ ಉಪಾಹಾರ ಬೇಕು. ಸಂಜೆ ತಿರುಗಾಡಲು ಆಟೋ ಬೇಕು, ವಿವರಿಸಿ ಹೇಳುವ ಮಾರ್ಗದರ್ಶಿ ಬೇಕು. ಬಿಡುವು ದೊರೆತುದರಿಂದ ಗುಳೇದಗುಡ್ಡಕ್ಕೆ ಹೋಗಿ ಮಗ್ಗದ ಖಣವನ್ನೋ, ಇಳಕಲ್ಲಿನ ಸೀರೆಯನ್ನೋ ನೋಡುವ ಮನಸ್ಸೂ ಹುಟ್ಟೀತು. ಆರೇಳು ಮನೆಗಳಿಗೆ ಆ ಒಂದು ರಾತ್ರಿಯ ಪಾಲು ಸಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ಗೋವೆಗೂ ಮಂಗಳೂರಿಗೂ ಕೂಲಿಗಾಗಿ ಮಕ್ಕಳನ್ನು ಕಳುಹಿಸುವ ಈ ಸೀಮೆಯಲ್ಲಿ ಅದು ಅಲ್ಪವಾದ ಸಂಗತಿಯಲ್ಲ.

ಹಾಗಾದರೆ ಪ್ರವಾಸಿ ಏಕೆ ತಂಗುವುದಿಲ್ಲ? ತಂಗಲು ಕಾರಣವಿದೆಯೆಂದು ಆತನಿಗೆ ಯಾರೂ ತಿಳಿಸಿಲ್ಲ. ದೊಡ್ಡ ಹೋಟೆಲುಗಳು ಜಾಹೀರಾತಿಗೆ ಹಣ ಸುರಿಯಬಲ್ಲವು. ಆರು ಕೋಣೆಗಳ ವಸತಿಗೃಹಕ್ಕೆ, ಗಂಡ-ಹೆಂಡತಿ ಸೇರಿ ನಡೆಸುವ ಖಾನಾವಳಿಗೆ ಆ ಶಕ್ತಿ ಎಲ್ಲಿಯದು? ಅವರು ಮಾಡಿಸುವುದು ಒಂದು ಫಲಕ. ಅದರ ಮೇಲೆ ‘ಉತ್ತಮ ಸೌಕರ್ಯ, ಯೋಗ್ಯ ದರ’ ಎಂಬ ಮಾತು. ಎದುರು ಸಾಲಿನ ಎಲ್ಲ ಫಲಕಗಳ ಮೇಲೆಯೂ ಅದೇ ಮಾತಿರುವುದರಿಂದ ಅದನ್ನು ಯಾರೂ ಓದುವುದಿಲ್ಲ. ಆದರೆ ಈ ಚಿಕ್ಕ ಉದ್ಯಮಿಯ ಬಳಿ ಮತ್ತೊಂದು ಬಂಡವಾಳವಿದೆ. ತನ್ನ ಊರನ್ನು ಕುರಿತು ಆತನಿಗಿರುವ ತಿಳಿವಳಿಕೆ ಅದು. ಹುಟ್ಟಿದಂದಿನಿಂದ ಕೂಡಿಬಂದ ಆ ತಿಳಿವಳಿಕೆಯನ್ನು ಬರವಣಿಗೆಗೆ ಇಳಿಸಿ, ಪ್ರವಾಸಿ ಮನೆ ಬಿಡುವ ಮುನ್ನವೇ ಆತನ ಕಣ್ಣಿಗೆ ಬೀಳುವಂತೆ ಮಾಡುವುದೇ ಇಲ್ಲಿ ಹೇಳಬೇಕಾಗಿರುವ ಉಪಾಯ. ಹಿಂದೆ ಇದಕ್ಕೆ ಮುದ್ರಣದ ವೆಚ್ಚ ಅಡ್ಡಬರುತ್ತಿತ್ತು. ಪ್ರವಾಸಿಯ ಅಂಗೈಯ ದೂರವಾಣಿಯೇ ಪುಸ್ತಕವಾಗಿರುವ ಈ ದಿನಗಳಲ್ಲಿ ಆ ಅಡ್ಡಿ ಬಹುಮಟ್ಟಿಗೆ ತೊಲಗಿದೆ. ಏನನ್ನು ಬರೆಯಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಈ ಪ್ರಶ್ನೆಗೆ ಉತ್ತರವಾಗಿ ಫ್ರಾನ್ಸಿನ ಒಂದು ಹಳೆಯ ಸಂಗತಿಯನ್ನು ನೆನೆಯುವುದು ಉಚಿತ. ಆಂದ್ರೆ ಮತ್ತು ಎದುವಾರ್ ಮಿಷೆಲಿನ್ ಎಂಬ ಸೋದರರು ಅಲ್ಲಿ ಗಾಲಿಯ ಟೈರುಗಳನ್ನು ತಯಾರಿಸುತ್ತಿದ್ದರು. 1900ರಲ್ಲಿ ಆ ದೇಶದಲ್ಲಿದ್ದ ಮೋಟಾರು ಕಾರುಗಳು ಮೂರು ಸಾವಿರಕ್ಕೂ ಕಡಿಮೆ. ಜನ ಸಂಚರಿಸದೆ ಟೈರು ಸವೆಯದು, ಸವೆಯದೆ ಮಾರಾಟವಾಗದು. ಸೋದರರು ತಮ್ಮ ಟೈರನ್ನು ಹೊಗಳಿಕೊಳ್ಳುತ್ತ ಕೂಡಲಿಲ್ಲ. ಯಾವ ಊರಿನಲ್ಲಿ ಪೆಟ್ರೋಲ್ ದೊರೆಯುತ್ತದೆ, ಎಲ್ಲಿ ದುರಸ್ತಿ ಮಾಡುವವರಿದ್ದಾರೆ, ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು, ಟೈರನ್ನು ಬದಲಿಸುವುದು ಹೇಗೆ ಎಂಬುದನ್ನೆಲ್ಲ ಸಂಗ್ರಹಿಸಿ, ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ, ಸುಮಾರು 35,000 ಪ್ರತಿಗಳನ್ನು ಉಚಿತವಾಗಿ ಹಂಚಿದರು. ಕಾರುಗಳ ಸಂಖ್ಯೆಯ ಹತ್ತು ಪಟ್ಟಿಗೂ ಮಿಗಿಲಾದ ಪ್ರತಿಗಳು! 1920ರಲ್ಲಿ ಅದಕ್ಕೆ ಬೆಲೆ ಕಟ್ಟಿದರು. 1926ರಿಂದ ಉತ್ತಮ ಉಪಾಹಾರಗೃಹಗಳಿಗೆ ನಕ್ಷತ್ರದ ಗುರುತು ಕೊಡತೊಡಗಿದರು. ಇಂದು ಆ ಹೆಸರನ್ನು ಕೇಳಿದವರಿಗೆ ಟೈರಿಗಿಂತ ಮೊದಲು ಊಟವೇ ನೆನಪಾದರೂ ಆಶ್ಚರ್ಯವಿಲ್ಲ. ತನ್ನ ಸರಕನ್ನು ಬದಿಗಿರಿಸಿ ಪ್ರಯಾಣಿಕನ ಕಷ್ಟವನ್ನು ಕುರಿತು ಬರೆದುದೇ ಆ ಕೈಪಿಡಿಯ ಗುಟ್ಟು.

ಬಾದಾಮಿಯ ವಸತಿಗೃಹದವನೂ ಅಂತೆಯೇ ತನ್ನ ಮಂಚ-ಹಾಸಿಗೆಗಳನ್ನು ವರ್ಣಿಸದೆ ತನ್ನೂರಿನ ಸಂಜೆಯನ್ನು ವರ್ಣಿಸಬೇಕು. ಅಗಸ್ತ್ಯತೀರ್ಥದ ಪೂರ್ವದ ದಂಡೆಯಲ್ಲಿ ಭೂತನಾಥನ ಗುಡಿಗಳಿವೆ. ಇಳಿಹೊತ್ತಿನ ಬಿಸಿಲು ಅವುಗಳ ಮೇಲೆಯೂ ಹಿಂದಿನ ಕೆಂಪು ಬಂಡೆಯ ಮೇಲೆಯೂ ಬಿದ್ದು, ಹೊಂಡದ ನೀರಿನಲ್ಲಿ ಪ್ರತಿಬಿಂಬಿಸುವ ಆ ಅರ್ಧ ಗಳಿಗೆಯನ್ನು ಮಧ್ಯಾಹ್ನವೇ ಹೊರಟುಹೋದವನು ಕಾಣಲಾರ. ಹೊಂಡದ ಸಮೀಪದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಪ್ರಾಚೀನ ರೂಪವನ್ನು ತೋರಿಸುವ ಆ ಅಕ್ಷರಗಳ ಮುಂದೆ ಕನ್ನಡಿಗನೊಬ್ಬ ಹತ್ತು ನಿಮಿಷವಾದರೂ ನಿಲ್ಲಬೇಡವೇ? ಬೆಳಗಿನ ಜಾವ ಮಹಾಕೂಟಕ್ಕೆ ಹೋದರೆ, ಬುಗ್ಗೆಯ ನೀರು ತುಂಬಿದ ಪುಷ್ಕರಿಣಿಯ ಸುತ್ತಲಿನ ಗುಡಿಗಳನ್ನು ಗದ್ದಲವಿಲ್ಲದೆ ನೋಡಬಹುದು. ಅಲ್ಲಿ ದೊರೆತ ಮಂಗಲೇಶನ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವುದನ್ನೂ ಬರೆದಿಟ್ಟರೆ ಹುಡುಕಿ ಬಳಲುವವರ ಶ್ರಮ ತಪ್ಪುತ್ತದೆ.

ಇವುಗಳ ಜೊತೆಗೆ ಮಿಷೆಲಿನ್ ಸೋದರರ ಬಗೆಯ ಸಣ್ಣ ಸಂಗತಿಗಳೂ ಬೇಕು. ಗದಗ-ಹೊಟಗಿ ಮಾರ್ಗದ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಬರಿಗಾಲಿಗೆ ಕಲ್ಲುಹಾಸು ಕಾದ ಹಂಚಿನಂತಿರುತ್ತದೆ. ಗುಹೆಗಳ ಬಳಿಯ ಮಂಗಗಳು ಕೈಯಲ್ಲಿನ ತಿಂಡಿಯ ಪೊಟ್ಟಣವನ್ನು ಎಂದಿಗೂ ಬಿಟ್ಟವುಗಳಲ್ಲ. ಊರವರಿಗೆ ಇವು ಹೇಳಲು ಯೋಗ್ಯವೆಂದೇ ತೋರುವುದಿಲ್ಲ. ಎಲ್ಲರಿಗೂ ಗೊತ್ತಿರುವುದೆಂದು ಊರವನು ಬಿಟ್ಟ ಮಾತೇ ಹೊರಗಿನವನಿಗೆ ಬೇಕಾದ ಮಾತು.

ಖಾನಾವಳಿಯವರಿಗೂ ಇದು ಅನ್ವಯಿಸುತ್ತದೆ. ‘ಉತ್ತರ ಕರ್ನಾಟಕದ ಊಟ’ ಎಂದಷ್ಟೇ ಬರೆದರೆ ದಿಲ್ಲಿಯವನಿಗೆ ಏನೂ ತಿಳಿಯದು. ಬಿಸಿರೊಟ್ಟಿಗೂ ಕಟಕ ರೊಟ್ಟಿಗೂ ಏನು ವ್ಯತ್ಯಾಸ, ಎಣ್ಣೆಗಾಯಿಗೆ ಯಾವ ಬದನೆ, ಗುರೆಳ್ಳು ಚಟ್ನಿಯೊಡನೆ ಕೆನೆಮೊಸರನ್ನು ಏಕೆ ಕಲಸಿಕೊಳ್ಳಬೇಕು ಎಂಬುದನ್ನು ರೊಟ್ಟಿ ತಟ್ಟುವಾಕೆಯ ಬಾಯಿಂದಲೇ ಕೇಳಿ ಬರೆದರೆ, ಓದಿದವನ ಹಸಿವು ಓದಿನಲ್ಲಿಯೇ ಕೆರಳುತ್ತದೆ. ಬನಶಂಕರಿಯ ಗುಡಿಯ ಬಳಿ ಬುಟ್ಟಿಯಲ್ಲಿ ರೊಟ್ಟಿ-ಪಲ್ಯ, ಗಡಿಗೆಯಲ್ಲಿ ಮೊಸರು ಹೊತ್ತು ತಂದು ಬಡಿಸುವ ಹೆಣ್ಣುಮಕ್ಕಳಿಗೆ ಫಲಕವೂ ಇಲ್ಲ, ಅಂಗಡಿಯೂ ಇಲ್ಲ. ಅವರ ಪಾಲಿಗೆ ಇಂಥ ಬರವಣಿಗೆಯೇ ಅಂಗಡಿಯ ಹೆಸರು.

ಬರವಣಿಗೆ ಜನರನ್ನು ಕರೆತರುವುದೆಂಬುದು ಬರಿಯ ಊಹೆಯಲ್ಲ. ಕುವೆಂಪು ಅವರ ಕೃತಿಗಳನ್ನು ಓದಿದವರು ಕುಪ್ಪಳಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಬಾದಾಮಿಯಲ್ಲಿಯೇ ಇದಕ್ಕೊಂದು ಸಾಕ್ಷ್ಯವಿದೆ. ಅಲ್ಲಿನ ಕಡಿದಾದ ಮರಳುಗಲ್ಲಿನ ಬಂಡೆಗಳನ್ನು ಏರುವುದಕ್ಕಾಗಿಯೇ ದೇಶವಿದೇಶಗಳಿಂದ ಸಾಹಸಿಗಳು ಬರುತ್ತಾರೆ. ಮೊದಲು ಏರಿದವರು ತಾವು ಹಿಡಿದ ದಾರಿಗೆ ಹೆಸರಿಟ್ಟು, ಅದು ಎಷ್ಟು ಕಠಿಣವೆಂಬುದನ್ನು ದರ್ಜೆಯ ಮೂಲಕ ಬರೆದಿಟ್ಟರು. ಅದನ್ನು ಓದಿ ಬೇರೆಯವರು ಬಂದರು. ಬಂದವರು ಮತ್ತಷ್ಟು ಬರೆದರು. ಅರ್ಧ ದಿನಕ್ಕೆ ಹೊರಟುಹೋಗುವ ಗಿರಾಕಿಗಳಲ್ಲ ಇವರು. ದಿನಗಟ್ಟಲೆ ಉಳಿದು ಉಣ್ಣುವವರು. ಆ ಬಂಡೆಗಳ ನೆರಳಿನಲ್ಲಿ ಬೆಳೆದವರಾರೂ ಅವುಗಳನ್ನು ಕುರಿತು ಮೊದಲು ಬರೆಯಲಿಲ್ಲವೆಂಬುದು ತುಸು ನಾಚಿಕೆಯ ಮಾತೇ ಸರಿ.

ಇಲ್ಲಿ ಎಚ್ಚರಿಕೆಯೊಂದು ಅವಶ್ಯ. ಗಿರಾಕಿಯನ್ನು ಸೆಳೆಯುವ ಆತುರದಲ್ಲಿ ಉತ್ಪ್ರೇಕ್ಷೆ ನುಸುಳುತ್ತದೆ. ಪ್ರತಿ ಕೋಟೆಯಿಂದಲೂ ವಿಜಯಪುರದವರೆಗೆ ಸುರಂಗ, ಪ್ರತಿ ಗುಡಿಯ ಅಡಿಯಲ್ಲಿಯೂ ಹೊನ್ನಿನ ಕೊಪ್ಪರಿಗೆ! ನಿಜವಾದ ಸಂಗತಿಗಳು ಇವಕ್ಕಿಂತ ರಸವತ್ತಾಗಿವೆ. ಐಹೊಳೆಯ ದುರ್ಗಗುಡಿ ದುರ್ಗಾದೇವಿಯ ಗುಡಿಯಲ್ಲ. ಬಳಿಯಲ್ಲಿದ್ದ ದುರ್ಗದಿಂದ ಆ ಹೆಸರು ಬಂದಿತು. ಲಾಡಖಾನ ಗುಡಿಗೆ ಅದರೊಳಗೆ ವಾಸವಾಗಿದ್ದ ವ್ಯಕ್ತಿಯೊಬ್ಬನ ಹೆಸರು ಅಂಟಿಕೊಂಡಿತು. ಅದನ್ನು 5ನೆಯ ಶತಮಾನದ್ದೆಂದು ಹಿಂದೆ ಎಣಿಸಿದ್ದರು. ಅನಂತರದ ವಿದ್ವಾಂಸರು 7-8ನೆಯ ಶತಮಾನಕ್ಕೆ ತಂದರು. ಹಳೆಯ ಪುಸ್ತಕವನ್ನೇ ನಂಬಿ ಬರೆದವನು ತಿಳಿದವರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಬಾದಾಮಿಯ ಮೂರನೆಯ ಗುಹೆಯ ವಿಷಯ ಹಾಗಲ್ಲ, ಕ್ರಿ.ಶ. 578ಕ್ಕೆ ಸರಿಹೊಂದುವ ಶಕವರ್ಷ ಅಲ್ಲಿನ ಶಾಸನದಲ್ಲಿಯೇ ಇದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲವಿದೆ. ಅದನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಯ ಹೆಸರು ಕನ್ನಡ ಶಾಸನದಲ್ಲಿ ಉಳಿದಿದೆ. ಕಟ್ಟಿದವನ ಹೆಸರು ಹೇಳುವ ಕಲ್ಲನ್ನು ಬೆರಳಿಟ್ಟು ತೋರಿಸುವ ಮಾರ್ಗದರ್ಶಿಗೆ ಸುರಂಗದ ಕಥೆ ಬೇಕಾಗುವುದಿಲ್ಲ.

ಬರೆಯುವವರು ಯಾರು ಎಂಬ ಸಂದೇಹ ಸಹಜ. ಖಾನಾವಳಿಯವನಿಗೆ ಒಲೆಯ ಮುಂದಿನಿಂದ ಏಳಲು ಬಿಡುವಿಲ್ಲ. ಆದರೆ ‘ನಮ್ಮ ಊರು’ ಎಂಬ ಪ್ರಬಂಧವನ್ನು ಬರೆಯಿಸದ ಶಾಲೆ ಈ ನಾಡಿನಲ್ಲಿಲ್ಲ. ಆ ಪ್ರಬಂಧಗಳು ಅಂಕ ಪಡೆದು ರದ್ದಿಗೆ ಹೋಗುತ್ತವೆ. ಇತಿಹಾಸದ ಅಧ್ಯಾಪಕರು ಇಸವಿಗಳನ್ನು ತಿದ್ದಿಕೊಟ್ಟು, ಮೇಲಿನ ತರಗತಿಯ ಮಕ್ಕಳು ಮಾರ್ಗದರ್ಶಿಗಳ, ಆಟೋ ಚಾಲಕರ, ನೇಕಾರರ ಮಾತುಗಳನ್ನು ಕೇಳಿ ಬರೆದುಕೊಂಡರೆ, ಒಂದು ವರ್ಷದಲ್ಲಿ ಹತ್ತು ಹನ್ನೆರಡು ಒಳ್ಳೆಯ ಬರಹಗಳು ಸಿದ್ಧವಾಗುತ್ತವೆ. ಪುಣೆ, ಬೆಂಗಳೂರು, ವಿದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಮರಾಠಿ, ಹಿಂದಿ, ಇಂಗ್ಲಿಷಿಗೆ ತರಬಲ್ಲರು. ಕಟ್ಟಡಕ್ಕೆ ಕೊಡುವ ದೇಣಿಗೆಯ ಹೋಲಿಕೆಯಲ್ಲಿ ಇದಕ್ಕೆ ಬೇಕಾಗುವ ಹಣ ಏನೇನೂ ಅಲ್ಲ. ಹೇಳಿದವರ ಒಪ್ಪಿಗೆ ಪಡೆಯುವುದು, ಬರಹದಿಂದ ಬಂದ ಗಿರಾಕಿ ಅವರ ಬಾಗಿಲಿಗೇ ಹೋಗುವಂತೆ ನೋಡಿಕೊಳ್ಳುವುದು ಮಾತ್ರ ಮರೆಯತಕ್ಕದ್ದಲ್ಲ.

ಬರವಣಿಗೆ ಶೌಚಾಲಯವನ್ನು ತೊಳೆಯುವುದಿಲ್ಲ, ಹಾಸಿಗೆಯ ಹೊದಿಕೆಯನ್ನು ಬದಲಿಸುವುದಿಲ್ಲ. ಓದಿ ಬಂದವನು ಮೋಸಹೋದರೆ ಆತನೂ ಬರೆಯುತ್ತಾನೆ. ಆ ಬರಹವನ್ನು ಅಳಿಸುವುದು ಯಾರಿಂದಲೂ ಆಗದು. ಫಲ ಕೂಡಲೇ ಕಾಣುವುದೂ ಇಲ್ಲ. ಮೂರು ಬರಹಗಳನ್ನು ಬರೆದು, ಯಾರೂ ಬರಲಿಲ್ಲವೆಂದು ಕೈಬಿಟ್ಟವರೇ ಹೆಚ್ಚು. ಒಮ್ಮೆಗೆ ಒಂದೇ ವಿಷಯ, ತಿಂಗಳಿಗೆ ಒಂದೇ ಬರಹ, ಆದರೆ ತಪ್ಪದೆ ಬರೆಯುವುದೇ ಸಾಧ್ಯವಾದ ಮಾರ್ಗ.

ಹಳೆಯ ಬರಹವನ್ನು ತಿದ್ದುತ್ತಿರುವುದೂ ಅಷ್ಟೇ ಅಗತ್ಯ. ಬನಶಂಕರಿಯ ಜಾತ್ರೆಯ ಸಂಗತಿ ನೋಡಿ. ರಥೋತ್ಸವ ನಡೆಯುವುದು ಬನದ ಹುಣ್ಣಿಮೆಯಂದು. ಆ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ ಬಂದಿತ್ತು; 2025ರಲ್ಲಿ ಜನವರಿ 13ಕ್ಕೆ. ಹಿಂದಿನ ವರ್ಷದ ತಾರೀಖನ್ನು ನಂಬಿ ಬಂದವನಿಗೆ ತೇರು ಕಾಣದು. ನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿಯೆಲ್ಲ ಆಟವಾಡುವ ಆ ದಿನಗಳಲ್ಲಿ ಬಾದಾಮಿಯ ಕೋಣೆಗಳು ಮೊದಲೇ ತುಂಬಿರುತ್ತವೆ. ಅದನ್ನೂ ವಸತಿಗೃಹದವನು ಮುಚ್ಚಿಡದೆ ಬರೆಯಬೇಕು. ಬರೆದು, ಜಾತ್ರೆ ಮುಗಿದ ಮೇಲೆ ಯಾವ ವಾರ ಕೋಣೆ ಸಿಗುವುದೆಂಬುದನ್ನು ಅದರ ಕೆಳಗೇ ತಿಳಿಸಬೇಕು.