ಆರಿದ್ರಾ ನಕ್ಷತ್ರದ ಅಳತೆಯೂ ನಮ್ಮ ಕರ್ತವ್ಯವೂ

ತೇರದಾಳ, ರಬಕವಿ, ಬನಹಟ್ಟಿ ಭಾಗದ ರೈತರಲ್ಲಿ ಆರಿದ್ರಾ ಮಳೆಯ ಹೆಸರನ್ನರಿಯದವರಿಲ್ಲ. ಆ ಮಳೆಗೆ ಹೆಸರಿತ್ತ ಕೆಂಪು ತಾರೆಯಾದರೋ ಚಳಿಗಾಲದ ರಾತ್ರಿಗಳಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಸೂರ್ಯನನ್ನುಳಿದು ಬೇರೊಂದು ನಕ್ಷತ್ರದ ಬಿಂಬವನ್ನು ವ್ಯತಿಕರಣದ ಉಪಾಯದಿಂದ ಮನುಷ್ಯನು ಮೊಟ್ಟಮೊದಲು ಅಳೆದದ್ದು ಇದೇ ಆರಿದ್ರೆಯಲ್ಲೆಂಬ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು.

ಆ ಅಳತೆಯ ಕಾಠಿಣ್ಯವನ್ನು ನೋಡಿರಿ. ವಿಜಯಪುರದ ಗೋಲಗುಮ್ಮಟದ ಮೇಲಿಟ್ಟ ಒಂದು ರೂಪಾಯಿಯ ನಾಣ್ಯವು 80 ಕಿಲೋಮೀಟರ್ ದೂರದ ತೇರದಾಳದಿಂದ ಎಷ್ಟು ಚಿಕ್ಕದಾಗಿ ತೋರುವುದೋ, ಆಕಾಶದಲ್ಲಿ ಆರಿದ್ರೆಯ ಬಿಂಬವು ಸರಿಸುಮಾರು ಅಷ್ಟೇ. ದೊಡ್ಡ ದುರ್ಬೀನನ್ನು ಕಟ್ಟಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಭೂಮಿಯನ್ನು ಸುತ್ತಿದ ವಾಯುವಿನ ಅಲುಗಾಟವು ಬಿಂಬವನ್ನು ಕದಡಿ, ಅದರ ಇಪ್ಪತ್ತು ಪಟ್ಟಿನಷ್ಟು ಹಿಗ್ಗಿಸಿಬಿಡುತ್ತದೆ.

ಇದಕ್ಕೆ ಉಪಾಯವನ್ನು 1868ರಲ್ಲಿ ಸೂಚಿಸಿದವರು ಫ್ರಾನ್ಸಿನ ಫಿಜೋ ಎಂಬ ವಿದ್ವಾಂಸರು. ಕೆರೆಯಲ್ಲಿ ಎರಡು ಕಲ್ಲುಗಳನ್ನೆಸೆದಾಗ ಅಲೆಗೆ ಅಲೆ ಕೂಡಿದಲ್ಲಿ ನೀರು ಉಬ್ಬುವುದು. ಉಬ್ಬಿಗೆ ತಗ್ಗು ಸೇರಿದಲ್ಲಿ ಸಮವಾಗುವುದು. ಬೆಳಕೂ ಅಲೆಯೇ. ಒಂದೇ ತಾರೆಯ ಬೆಳಕನ್ನು ದೂರದೂರದ ಎರಡು ಕನ್ನಡಿಗಳಿಂದ ಹಿಡಿದು ಒಂದೆಡೆ ಕೂಡಿಸಿದರೆ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಕನ್ನಡಿಗಳನ್ನು ಸರಿಸಿ ಅಂತರವನ್ನು ಹೆಚ್ಚಿಸುತ್ತ ಹೋದಂತೆ ಅವು ಮಾಸುತ್ತವೆ. ಎಷ್ಟು ಅಂತರದಲ್ಲಿ ಮಾಯವಾದವೆಂಬುದರಿಂದ ತಾರೆಯ ಗಾತ್ರವನ್ನು ಗಣಿಸಬಹುದು. 1920ರ ಡಿಸೆಂಬರ್ 13ರಂದು ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ದುರ್ಬೀನಿಗೆ 20 ಅಡಿಯ ತೊಲೆಯನ್ನು ಕೂಡಿಸಿ ಕನ್ನಡಿಗಳನ್ನು ಸರಿಸಿದಾಗ, ಅಂತರವು ಸುಮಾರು 10 ಅಡಿಯಾದಲ್ಲಿ ಆರಿದ್ರೆಯ ಪಟ್ಟೆಗಳು ಅಳಿದವು. ಮೈಕೆಲ್ಸನ್, ಪೀಸ್ ಮಹಾಶಯರು ಅದರ ಬಿಂಬವನ್ನು 0.047 ವಿಕಲೆಯೆಂದು ಸಾರಿದರು.

ಅಳತೆಯಿಂದ ಚಿತ್ರಕ್ಕೆ ಮುಂದಿನ ಹೆಜ್ಜೆ. ಒಂದೆರಡು ಎಳೆಗಳಿಂದ ಬನಹಟ್ಟಿಯ ಸೀರೆಯ ಸೆರಗು ಮೂಡದು. ಹಾಗೆಯೇ ಒಂದು ಜೋಡಿ ಕನ್ನಡಿಗಳಿಂದ ತಾರೆಯ ರೂಪವು ಮೂಡದು. ಅದೇ ಮೌಂಟ್ ವಿಲ್ಸನ್ನಿನಲ್ಲಿ ಒಂದೊಂದು ಮೀಟರಿನ ಆರು ದುರ್ಬೀನುಗಳನ್ನು 331 ಮೀಟರಿನವರೆಗಿನ ಅಂತರಗಳಲ್ಲಿ ನಿಲ್ಲಿಸಿದ್ದಾರೆ; ಆರರಿಂದ ಹದಿನೈದು ಜೋಡಿಗಳಾಗುತ್ತವೆ. ಇವುಗಳಲ್ಲಿ ನಾಲ್ಕನ್ನು ಕೂಡಿಸಿ ಶ್ರವಣ ನಕ್ಷತ್ರದ ಮೇಲ್ಮೈಯ ಚಿತ್ರವನ್ನು 2007ರಲ್ಲಿ ಪ್ರಕಟಿಸಿದರು. ಬಲು ವೇಗದಿಂದ ತಿರುಗುವ ಆ ತಾರೆಯು ಗುಂಡಗಿರದೆ, ಧ್ರುವಗಳಲ್ಲಿ ಚಪ್ಪಟೆಯಾಗಿರುವುದು ಕಣ್ಣಿಗೆ ಕಂಡಿತು.

ನಮ್ಮವರು ಈ ವಿದ್ಯೆಗೆ ಹೊರಗಿನವರಲ್ಲ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯ ಪಂಡಿತರು ಕಾವಲೂರಿನ 2.34 ಮೀಟರ್ ವೇಣು ಬಾಪ್ಪು ದುರ್ಬೀನಿನಿಂದ, ವಾಯು ಅಲುಗುವುದಕ್ಕೆ ಮುನ್ನವೇ ಕ್ಷಣಾಂಶದ ಚಿತ್ರಗಳನ್ನು ಹಿಡಿದು, ಒತ್ತಿಕೊಂಡಿರುವ ಜೋಡಿ ತಾರೆಗಳನ್ನು ಬಿಡಿಸುವ ಕಾರ್ಯವನ್ನು 1990ರ ದಶಕದಲ್ಲಿಯೇ ನಡೆಸಿದರು. ರೇಡಿಯೋ ಅಲೆಗಳಲ್ಲಂತೂ ಪುಣೆಯ ಉತ್ತರಕ್ಕೆ 30 ಬೃಹತ್ ತಟ್ಟೆಗಳನ್ನು ಒಂದಾಗಿ ದುಡಿಸಿ ಜಗತ್ತಿನ ಮನ್ನಣೆಯನ್ನು ಪಡೆದಿದ್ದೇವೆ. ಬೆಳಕಿನ ಅಲೆಯಾದರೋ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ದಾರಿಗಳನ್ನು ಅದಕ್ಕಿಂತಲೂ ಸೂಕ್ಷ್ಮವಾಗಿ ಸರಿದೂಗಿಸಬೇಕು. ಕಷ್ಟವುಂಟು, ಅಸಾಧ್ಯವಲ್ಲ. ಲಡಾಖದ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ನಿರ್ಮಲ ಆಕಾಶವು ನಮ್ಮದಾಗಿದೆ. ಅಲ್ಲಿಯ ದುರ್ಬೀನನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುವ ಕೌಶಲ್ಯವೂ ನಮ್ಮಲ್ಲಿದೆ.

ಹೊಟ್ಟೆಗೆ ಹಿಟ್ಟು ಸಾಲದ ನಾಡಿಗೆ ನಕ್ಷತ್ರಗಳ ಗೊಡವೆಯೇಕೆಂದು ಕೆಲವರು ಕೇಳುವರು. ಮಳೆಗಳಿಗೆ ನಕ್ಷತ್ರಗಳ ಹೆಸರನ್ನಿಟ್ಟ ನಮ್ಮ ಹಿರಿಯರು ಹೊಟ್ಟೆ ತುಂಬಿ ಕಾಲ ಕಳೆಯಲೆಂದು ಆಕಾಶವನ್ನು ನೋಡಿದವರಲ್ಲ. ಬಿತ್ತುವ ವೇಳೆಯನ್ನರಿಯಲು ನೋಡಿದವರು. ಸೂಕ್ಷ್ಮವಾಗಿ ಅಳೆಯಲು ಕಲಿತ ಕೈಯು ಕಾರ್ಖಾನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಉಪಯೋಗಕ್ಕೆ ಬಾರದೆ ಇರದು. ದೂರದೂರದ ಕನ್ನಡಿಗಳನ್ನು ಕೂಡಿಸಿ ನಕ್ಷತ್ರವನ್ನು ಕಾಣುವ ಯಂತ್ರವೊಂದು ನಮ್ಮ ನೆಲದ ಮೇಲೂ ನಿಲ್ಲಬೇಕು. ಸರಕಾರವೂ ವಿಶ್ವವಿದ್ಯಾಲಯಗಳೂ ಇದಕ್ಕೆ ಮನಸ್ಸು ಮಾಡಬೇಕೆಂಬುದೇ ನಮ್ಮ ಆಗ್ರಹ.