ಶ್ರಮಕ್ಕೂ ಮೈಬಿಸಿಗೂ ಇರುವ ನಂಟು

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಊರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರೊಡನೆ ನಾವೂ ಹೆಜ್ಜೆ ಹಾಕಿದ್ದುಂಟು. ಬಿಸಿಲೂ ಒಂದೇ, ದಾರಿಯೂ ಒಂದೇ. ಆದರೂ ನಿಧಾನವಾಗಿ ನಡೆದ ಹಿರಿಯರು ಬಿಡಾರ ಸೇರುತ್ತಿದ್ದರು. ಅವಸರದಿಂದ ಧಾವಿಸಿದ ಕೆಲವು ತರುಣರು ಮರದ ನೆರಳಿನಲ್ಲಿ ಕುಸಿದು ಕೂಡುತ್ತಿದ್ದರು. ಇದರ ಕಾರಣವನ್ನು ಶರೀರಶಾಸ್ತ್ರವು ಸೊಗಸಾಗಿ ವಿವರಿಸಿದೆ. ಪ್ರತಿಯೊಂದು ಮನೆಯವರೂ ಅದನ್ನು ಅರಿತಿರುವುದು ಲೇಸು.

ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದ ಮುಕ್ಕಾಲು ಪಾಲು ಶಾಖವಾಗುತ್ತದೆ. ಈ ಶಾಖವನ್ನು ಒಳಗಿನಿಂದ ಹೊತ್ತು ತರುವುದು ರಕ್ತ, ಹೊರಕ್ಕೆ ಚೆಲ್ಲುವುದು ತ್ವಚೆ. ಡೆನ್ಮಾರ್ಕಿನ ವಿಜ್ಞಾನಿ ಮಾರಿಯಸ್ ನೀಲ್ಸನ್ ಅವರು 1938ರಲ್ಲಿ ಒಂದು ಮಹತ್ವದ ಸಂಗತಿಯನ್ನು ತೋರಿಸಿಕೊಟ್ಟರು. ತಂಪು ಹವೆಯಿಂದ ಹಿಡಿದು ಸಾಧಾರಣ ಬೆಚ್ಚನೆಯ ಹವೆಯವರೆಗೆ, ದುಡಿಯುವ ದೇಹದ ಒಳಗಿನ ಉಷ್ಣತೆ ಎಷ್ಟು ಏರುವುದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಹವೆಯಲ್ಲ, ಶ್ರಮದ ತೀವ್ರತೆ. ಹವೆಯ ಬಿಸಿ ಅದಕ್ಕೂ ಮೀರಿದರೆ ಮಾತ್ರ ಅದರ ಭಾರವೂ ಶ್ರಮದ ಭಾರದೊಡನೆ ಕೂಡಿಕೊಳ್ಳುತ್ತದೆ.

ಶ್ರಮ ತೊಡಗಿದೊಡನೆಯೇ ತ್ವಚೆಗೆ ರಕ್ತ ನುಗ್ಗುವುದೆಂದು ಹಲವರು ಭಾವಿಸುತ್ತಾರೆ. ನಡೆಯುವುದು ಅದಕ್ಕೆ ವಿರುದ್ಧ. ಮೊದಲು ತ್ವಚೆಯ ರಕ್ತನಾಳಗಳು ಕುಗ್ಗಿ, ರಕ್ತವು ಸ್ನಾಯುಗಳತ್ತ ಸಾಗುತ್ತದೆ. ಒಳಗಿನ ಉಷ್ಣತೆ ಒಂದು ಮಿತಿಯನ್ನು ದಾಟಿದ ಬಳಿಕವೇ ಆ ನಾಳಗಳು ಹಿಗ್ಗುತ್ತವೆ. ಶ್ರಮ ಬಹಳ ತೀವ್ರವಾದರೆ ಆ ಮಿತಿಯೇ ಮೇಲಕ್ಕೆ ಸರಿಯುತ್ತದೆ. ಬಾಗಿಲು ತಡವಾಗಿ ತೆರೆಯುತ್ತದೆ. ಒಳಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ, ಬಿಸಿ ಏರುತ್ತಲೇ ಇದ್ದರೂ ತ್ವಚೆಯ ರಕ್ತಪ್ರವಾಹದ ಏರಿಕೆ ಮಂದವಾಗುತ್ತದೆ.

ಕಾರಣ ಸರಳ. ಹೃದಯವೆಂಬ ಭಂಡಾರ ಒಂದೇ, ಬೇಡುವವರು ಇಬ್ಬರು. ಸುಮ್ಮನೆ ಕುಳಿತವನ ಮೈ ಅತಿಯಾಗಿ ಕಾದರೆ ತ್ವಚೆಗೆ ನಿಮಿಷಕ್ಕೆ 6ರಿಂದ 8 ಲೀಟರ್‌ವರೆಗೆ ರಕ್ತ ಹರಿಯಬಲ್ಲದು. ದುಡಿಯುವವನಿಗೆ ಅಷ್ಟು ದೊರೆಯದು, ಸ್ನಾಯುಗಳೂ ಪಾಲು ಕೇಳುತ್ತವೆ. ಬೆವರಿನಿಂದ ಮೈಯ ನೀರು ಇಳಿದರಂತೂ ಭಂಡಾರವೇ ಬರಿದಾಗುತ್ತದೆ.

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲ ಬಾರಿಗೆ ನಡೆಯಿತು. ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್ ಶೀಸ್ ಅವರಿಗೆ ಕೊನೆಯ ನೀರಿನ ತಾಣ ತಪ್ಪಿಹೋಯಿತು. ಕ್ರೀಡಾಂಗಣದೊಳಗಿನ ಕೊನೆಯ ಸುತ್ತನ್ನು ಅವರು ತೂರಾಡುತ್ತ ಐದು ನಿಮಿಷಕ್ಕೂ ಹೆಚ್ಚು ಹೊತ್ತು ನಡೆದರು. ಮೈ ಇನ್ನೂ ಬೆವರುತ್ತಿದ್ದುದನ್ನು ಕಂಡು ವೈದ್ಯರು ಅವರನ್ನು ತಡೆಯಲಿಲ್ಲ. 37ನೆಯವರಾಗಿ ಗುರಿ ಮುಟ್ಟಿದ ಅವರು ಬೇಗನೆ ಚೇತರಿಸಿಕೊಂಡರು. ಆದರೆ ಬೆವರಿದ್ದರೆ ಭಯವಿಲ್ಲವೆಂದು ಯಾರೂ ತಿಳಿಯಬಾರದು. ಶ್ರಮದಿಂದ ಬರುವ ಉಷ್ಣಾಘಾತದಲ್ಲಿಯೂ ಮೈ ಬೆವರುತ್ತಿರಬಹುದು. ಮಾತು ತೊದಲುವುದು, ದಿಕ್ಕು ತೋಚದಿರುವುದು, ಎಚ್ಚರ ತಪ್ಪುವುದು, ಇವೇ ನಿಜವಾದ ಅಪಾಯದ ಕುರುಹುಗಳು. ಆಗ ನೆರಳಿಗೆ ತಂದು, ಮೈತುಂಬ ತಣ್ಣೀರು ಹೊಯ್ದು, ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲಾಗದು.

ವಯಸ್ಸಾದಂತೆ ತ್ವಚೆಯ ನಾಳಗಳು ಹಿಗ್ಗುವ ಶಕ್ತಿ ಕುಂದುತ್ತದೆ. ಆದುದರಿಂದ ನಮ್ಮಂತಹ ಅರವತ್ತು ದಾಟಿದವರು ನಡುಹಗಲಿನ ನಡಿಗೆಯನ್ನು ಬಿಡಬೇಕು. ತರುಣರಾದರೂ ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನಗಳ ಅಭ್ಯಾಸ ಬೇಕೆಂಬುದನ್ನು ಮರೆಯಬಾರದು. ಬಿಸಿಲನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ; ನಡಿಗೆಯ ವೇಗವನ್ನು ತಗ್ಗಿಸುವುದು ಖಂಡಿತವಾಗಿಯೂ ಇದೆ.