ಹಳೆಯ ಮದ್ದನ್ನು ಸೋಲಿಸುವುದು ಸುಲಭವಲ್ಲ

ಕತ್ತಿನಲ್ಲೋ ಕಂಕುಳಲ್ಲೋ ಒಂದು ಗಂಟು. ನೋವಿಲ್ಲ, ಆದರೆ ವಾರದಿಂದ ವಾರಕ್ಕೆ ದೊಡ್ಡದಾಗುತ್ತದೆ. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಅನೇಕರಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಬಿಳಿ ರಕ್ತಕಣಗಳ ಈ ಕ್ಯಾನ್ಸರ್ ಬೆಳೆಯುವ ವೇಗ ಭಯ ಹುಟ್ಟಿಸುತ್ತದೆ. ಆದರೂ ಚಿಕಿತ್ಸೆಯಿಂದ ಪೂರ್ತಿ ಗುಣವಾಗುವವರೇ ಹೆಚ್ಚು.

1970ರ ದಶಕದಿಂದ ಇದಕ್ಕೆ ಕೊಡುತ್ತಿರುವ ಮದ್ದು ‘ಚಾಪ್’. ಸೈಕ್ಲೊಫಾಸ್ಫಮೈಡ್, ಕೆಂಪು ಬಣ್ಣದ ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಜೊತೆಗೆ ಐದು ದಿನ ನುಂಗುವ ಸ್ಟೀರಾಯ್ಡ್ ಮಾತ್ರೆ. ಸಾಮಾನ್ಯವಾಗಿ ಮೂರು ವಾರಕ್ಕೊಂದು ಸುತ್ತು. ವಿನ್‌ಕ್ರಿಸ್ಟಿನ್ ಸಿಗುವುದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಅದು ನರಗಳನ್ನೂ ಬಾಧಿಸುವುದರಿಂದ ಕೆಲವರ ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ.

ಇನ್ನಷ್ಟು ಔಷಧ ಸೇರಿಸಿದರೆ ಇನ್ನಷ್ಟು ಜನ ಉಳಿಯಬಹುದಲ್ಲವೇ? 1980ರ ದಶಕದಲ್ಲಿ ಹಾಗೆಂದೇ ನಂಬಿದ್ದರು. ಹೆಚ್ಚು ಔಷಧಗಳ ಕೂಟಗಳು ಬಂದವು, ಆರಂಭದ ಫಲಿತಾಂಶಗಳೂ ಚೆನ್ನಾಗಿದ್ದವು. ಆದರೆ ಅಮೆರಿಕದಲ್ಲಿ ಅಂಥ ಮೂರು ಕೂಟಗಳನ್ನು ಚಾಪ್‌ನ ಎದುರು ನಿಲ್ಲಿಸಿ, ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ನೋಡಿದಾಗ ಆ ನಂಬಿಕೆ ಕುಸಿಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷದ ನಂತರ ಬದುಕಿದ್ದವರ ಪ್ರಮಾಣ ನಾಲ್ಕೂ ಗುಂಪುಗಳಲ್ಲಿ ಸುಮಾರು ಅರ್ಧದಷ್ಟೇ. ಔಷಧದ ವಿಷಪ್ರಭಾವದಿಂದಲೇ ಸತ್ತವರು ಚಾಪ್‌ನಲ್ಲಿ ಶೇ. 1, ಹೊಸ ಕೂಟವೊಂದರಲ್ಲಿ ಶೇ. 6. ಈ ಹೋಲಿಕೆ ನಡೆಯದೇ ಹೋಗಿದ್ದರೆ ಆ ಸಾವುಗಳು ಇನ್ನೂ ಎಷ್ಟು ವರ್ಷ ಮುಂದುವರಿಯುತ್ತಿದ್ದವೋ!

ನಿಜವಾದ ಹೆಜ್ಜೆ ಬಂದದ್ದು ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯದಿಂದ. 2002ರಲ್ಲಿ ಪ್ರಕಟವಾದ ಫ್ರಾನ್ಸ್ ಮೂಲದ ತಂಡದ ಪ್ರಯೋಗದಲ್ಲಿ, ಅದನ್ನು ಚಾಪ್‌ಗೆ ಸೇರಿಸಿದಾಗ 60 ದಾಟಿದ ರೋಗಿಗಳಲ್ಲಿ ಎರಡು ವರ್ಷ ಬದುಕಿದವರ ಪ್ರಮಾಣ ಶೇ. 57ರಿಂದ 70ಕ್ಕೇರಿತು. ‘ಆರ್-ಚಾಪ್’ ಎಂಬ ಈ ಕೂಟವನ್ನು ಮೀರಿಸಲು ಆಮೇಲೆ ನಡೆದ ದೊಡ್ಡ ಪ್ರಯತ್ನಗಳು ಒಂದೊಂದಾಗಿ ವಿಫಲವಾದವು.

ಪೊಲಾರಿಕ್ಸ್ ಪ್ರಯೋಗಕ್ಕೆ ಮಹತ್ವ ಬಂದದ್ದು ಅದಕ್ಕೇ. ಪೊಲಟುಜುಮ್ಯಾಬ್ ವೆಡೋಟಿನ್ ಎಂಬ ಹೊಸ ಔಷಧದಲ್ಲಿ ಪ್ರತಿಕಾಯಕ್ಕೆ ವಿಷದ ಅಣುಗಳನ್ನು ಪೋಣಿಸಿರುತ್ತಾರೆ. ಅದು ಬಿ ಕೋಶದ ಮೇಲಿನ ಸಿಡಿ79ಬಿ ಪ್ರೋಟೀನನ್ನು ಹಿಡಿದು ಒಳಸೇರಿ, ಅಲ್ಲಿ ವಿಷವನ್ನು ಬಿಡುತ್ತದೆ. ಈ ವಿಷ ಕೂಡ ವಿನ್‌ಕ್ರಿಸ್ಟಿನ್‌ನಂತೆಯೇ ಕೋಶ ವಿಭಜನೆಯನ್ನು ತಡೆದು ನರಗಳನ್ನು ಕಾಡುವಂಥದ್ದು. ಆದ್ದರಿಂದ ಈ ಪ್ರಯೋಗದಲ್ಲಿ ಆರ್-ಚಾಪ್‌ನಿಂದ ವಿನ್‌ಕ್ರಿಸ್ಟಿನ್ ತೆಗೆದು, ಆ ಜಾಗದಲ್ಲಿ ಇದನ್ನಿಟ್ಟರು. 879 ರೋಗಿಗಳು ಭಾಗವಹಿಸಿದರು. ತಮಗೆ ಹೊಸದು ಸಿಕ್ಕಿದೆಯೋ ಹಳೆಯದೋ ಅವರಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಇಲ್ಲದ ಔಷಧದ ಬದಲು ಹುಸಿಮದ್ದು ಕೊಡುತ್ತಿದ್ದರು.

ಎರಡು ವರ್ಷದ ನಂತರ ರೋಗ ಉಲ್ಬಣಿಸದೆ ಬದುಕಿದ್ದವರು ಹೊಸ ಕೂಟದಲ್ಲಿ ಶೇ. 76.7, ಆರ್-ಚಾಪ್‌ನಲ್ಲಿ ಶೇ. 70.2. ಒಟ್ಟಾರೆ ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಎರಡೂ ಕಡೆ ಶೇ. 89ರ ಆಸುಪಾಸು. ರೋಗ ಮರುಕಳಿಸಿದವರಿಗೆ ಬೇರೆ ಚಿಕಿತ್ಸೆಗಳು ಸಿಕ್ಕಿದ್ದು ಇದಕ್ಕೆ ಒಂದು ಕಾರಣವಿರಬಹುದು. ನೂರರಲ್ಲಿ ಆರೇಳು ಮಂದಿಗೆ ಮರುಚಿಕಿತ್ಸೆಯ ಯಾತನೆ ತಪ್ಪುವುದು ಸಣ್ಣ ಲಾಭವಲ್ಲ. ಆದರೆ ಇದನ್ನು ಪವಾಡವೆಂದು ಮಾರುವುದು ರೋಗಿಗಳಿಗೆ ಮಾಡುವ ಮೋಸ.

ನಿಮಗೋ ನಿಮ್ಮವರಿಗೋ ಇಂಥ ಪ್ರಯೋಗಕ್ಕೆ ಸೇರುವ ಅವಕಾಶ ಬಂದರೆ, ಹೊಸದನ್ನು ಯಾವ ಚಿಕಿತ್ಸೆಯೊಂದಿಗೆ ಹೋಲಿಸುತ್ತಿದ್ದಾರೆಂದು ಮೊದಲು ಕೇಳಿ. ಸಮ್ಮತಿ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮ್ಮದು.